ಗಾಜಿನ ಕಪಾಟಿನಲ್ಲಿ ಇಲ್ಲದ ಹೆಸರು

ನಮ್ಮ ಕಡೆಯ ಯಾವುದಾದರೂ ಹಳೆಯ ಕಾಲೇಜಿಗೆ ಹೋಗಿ ನೋಡಿ. ಪ್ರಾಚಾರ್ಯರ ಕೋಣೆಯಲ್ಲಿ ಒಂದು ಗಾಜಿನ ಕಪಾಟು ಇದ್ದೇ ಇರುತ್ತದೆ. ಅದರ ತುಂಬ ಪಾರಿತೋಷಕಗಳು. ಕೆಲವಕ್ಕೆ ಕಿಲುಬು ಹತ್ತಿರುತ್ತದೆ, ಆದರೂ ಅಡಿಯಲ್ಲಿ ಕೊರೆಸಿದ ಇಸವಿಯನ್ನು ಓದಬಹುದು. ಹೊರಗೆ ಗೋಡೆಯ ಮೇಲೆ ಒಂದು ಹಲಗೆ: ‘ಯುನಿವರ್ಸಿಟಿ ಬ್ಲೂ’ ಆದವರ ಹೆಸರುಗಳು. ಅದರ ಮಗ್ಗುಲಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಹಲಗೆ. ಅದರಾಚೆ ಪ್ರಾಚಾರ್ಯರದು, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು. ಈಗ ಈ ಮೂರೂ ಹಲಗೆಗಳಲ್ಲಿ ಒಂದು ಹೆಸರು ಹುಡುಕಿ. ಕಪಾಟಿನೊಳಗಿನ ಆ ಪಾರಿತೋಷಕಗಳನ್ನು ಗೆದ್ದ ಮಕ್ಕಳಿಗೆ ಆಟ ಕಲಿಸಿದವರು ಯಾರು? ಬಹಳ ಮಟ್ಟಿಗೆ ನಿಮಗೆ ಅದು ಸಿಗುವುದಿಲ್ಲ. ಸಿಪಾಯಿಯನ್ನು ಕೇಳಿದರೆ ಆತ ಹೇಳಿಯಾನು. ಕಾಲೇಜಿನ ದಫ್ತರು ಹೇಳುವುದಿಲ್ಲ.

ನಾನು ಓದಿದ ಕಾಲೇಜಿನಲ್ಲಿ ಕೆಲವು ವರ್ಷಗಳ ಹಿಂದೆ ಸುವರ್ಣ ಮಹೋತ್ಸವ ನಡೆಯಿತು. ಹಳೆಯ ವಿದ್ಯಾರ್ಥಿನಿ ಎಂಬ ನೆಪದಲ್ಲಿ ಸ್ಮರಣ ಸಂಚಿಕೆಯ ಸಮಿತಿಗೆ ನನ್ನನ್ನೂ ಸೇರಿಸಿದ್ದರು. ನಾನು ಕೇಳಿದ್ದು ಒಂದೇ ಒಂದು ಪುಟ. ಇಪ್ಪತ್ತಕ್ಕೂ ಹೆಚ್ಚು ವರ್ಷ ಫಿಜಿಕಲ್ ಡೈರೆಕ್ಟರಾಗಿ ದುಡಿದು, ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವನ್ನು ಶೂನ್ಯದಿಂದ ಕಟ್ಟಿದ ನಮ್ಮ ಸರ್‌ಗೆ ಆ ಪುಟ ಸಲ್ಲಬೇಕಿತ್ತು. ಸಮಿತಿಯ ಹಿರಿಯರೊಬ್ಬರು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು:

“ಅಕ್ಕಾರ, ಸಿಟ್ಟ ಮಾಡಕೋಬ್ಯಾಡ್ರಿ. ಅವರ ಕಾಲದಾಗ ಬಾಸ್ಕೆಟ್‌ಬಾಲಿಗೆ ಬಂದ ಕಪ್ ಎಷ್ಟು? ಎರಡ. ಎರಡ ಕಪ್ಪಿಗೆ ಒಂದ ಪಾನು ಕೊಟ್ರ, ನಾಳೆ ಕಬಡ್ಡಿಯವರು ಹತ್ತ ಪಾನು ಕೇಳತಾರ.”

ಸಭೆ ನಕ್ಕಿತು. ವಿಷಯ ಅಲ್ಲಿಗೇ ಮುಗಿಯಿತು. ಆ ಪುಟದಲ್ಲಿ ಸಿಮೆಂಟಿನ ಅಂಗಡಿಯೊಂದರ ಜಾಹೀರಾತು ಅಚ್ಚಾಯಿತು.

ಆ ಹಿರಿಯರು ದುಷ್ಟರಲ್ಲ. ಅವರ ಲೆಕ್ಕ ನಮ್ಮೆಲ್ಲರ ಲೆಕ್ಕವೇ. ನನ್ನ ತಕರಾರು ಆ ಲೆಕ್ಕದ ಮೇಲೆ. ಕಲಿಸಿದವರನ್ನು ಕಪ್‌ಗಳಿಂದ ಅಳೆಯುವುದು ಒಂದು ಅನ್ಯಾಯ. ಅಳತೆಗೆ ಸಿಗದ ಕೆಲಸ ನಡೆದೇ ಇಲ್ಲವೆಂಬಂತೆ ಸುಮ್ಮನಿರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಇದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕೆ? ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕಿದ್ದಕ್ಕೆ ಯಾವ ಮನೆಯಲ್ಲಿ ಖಾತೆ ಪುಸ್ತಕ ಇಟ್ಟಿದ್ದಾರೆ?

ಆ ‘ಎರಡ ಕಪ್ಪಿ’ನ ಹಿಂದೆ ಏನಿತ್ತು ಎಂಬುದನ್ನು ಸ್ವಲ್ಪ ಹೇಳುತ್ತೇನೆ. ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿ ನನ್ನ ತವರು. 1997ರಲ್ಲಿ ಗದಗ ಜಿಲ್ಲೆಯಾಯಿತು. ನಾನು ಕಾಲೇಜಿಗೆ ಹೋದದ್ದು ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ನಮ್ಮದಿನ್ನೂ ಧಾರವಾಡ ಜಿಲ್ಲೆಯಾಗಿದ್ದಾಗ. ಹಳ್ಳಿಯ ಹುಡುಗಿ ಪಾಠ ಮುಗಿದ ಮೇಲೆ ಒಂದು ತಾಸು ಮೈದಾನದಲ್ಲಿ ನಿಲ್ಲಬೇಕಾದರೆ ಎಷ್ಟು ಹೊಳೆ ದಾಟಬೇಕಿತ್ತು ಗೊತ್ತೆ? ಮೊದಲನೆಯದು ಬಸ್ಸು. ಸಂಜೆಯದು ತಪ್ಪಿದರೆ ಆ ರಾತ್ರಿ ಊರಿಲ್ಲ. ಎರಡನೆಯದು ಉಡುಪು. ಲಂಗ ಉಟ್ಟು ಓಡಲು ಬಾರದು, ಚಡ್ಡಿ ತೊಟ್ಟರೆ ಓಣಿಯ ಬಾಯಿ ಮುಚ್ಚಲು ಬಾರದು. ಮೂರನೆಯದು ಅಪ್ಪ. ಅಪ್ಪನಿಗಿಂತ ಮೊದಲು ಅಜ್ಜಿ. ಆಮೇಲೆ ಸುಗ್ಗಿ: ಶೇಂಗಾ ಹರಿಯುವಾಗ, ಉಳ್ಳಾಗಡ್ಡಿ ಕೀಳುವಾಗ ಮನೆಗೆ ಹೆಣ್ಣಾಳು ಬೇಕು. ಕಡೆಯದಾಗಿ, ಯಾರೂ ಬಾಯಿಬಿಟ್ಟು ಹೇಳದ ತಿಂಗಳ ಆ ಮೂರು ದಿನಗಳು. ಇಷ್ಟೆಲ್ಲ ದಾಟಿದ ಮೇಲೆ ಡ್ರಿಬ್ಲಿಂಗು, ಪಾಸು, ರಿಂಗಿಗೆ ಎಸೆತ.

ನಮ್ಮ ಸರ್ ಇವೆಲ್ಲವನ್ನೂ ಕೋಚಿಂಗಿನ ಭಾಗವೆಂದೇ ತಿಳಿದಿದ್ದರು. ಅವರ ಹಾಜರಿ ಪುಸ್ತಕದಲ್ಲಿ ಹೆಸರು ಮತ್ತು ವರ್ಗದ ಮುಂದೆ ಎರಡು ಅಂಕಣ ಹೆಚ್ಚಿಗೆ ಇದ್ದವು: ಊರು, ಕಡೆಯ ಬಸ್ಸು. ಬಸ್ಸಿನ ಹುಡುಗಿಯರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ, ಊರಿನ ಹುಡುಗಿಯರಿಗೆ ಸಂಜೆ. ಸಲ್ವಾರಿನ ಮೇಲೆ ತಂಡದ ಬನಿಯನ್ ತೊಟ್ಟು ಆಡಿದರೂ ನಡೆದೀತು ಎಂದು ರೆಫ್ರಿಗಳ ಹತ್ತಿರ ವಾದ ಮಾಡುತ್ತಿದ್ದರು. ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಅಪ್ಪನ ಮುಂದೆ ಅವರು ಆಟದ ಮಾತನ್ನೇ ಎತ್ತಲಿಲ್ಲ. “ಹುಡುಗಿ ಬಿ.ಎ. ಮುಗಸೂತನಕ ಲಗ್ನದ ಮಾತು ತಗೀಬ್ಯಾಡ್ರಿ. ಆಕೀನ್ನ ದಿನಾ ಬಸ್ಸಿಗೆ ಹತ್ತಿಸೂ ಜವಾಬ್ದಾರಿ ನಂದು” ಎಂದರು. ಹತ್ತಿಸಿದರು ಕೂಡ, ಮೂರು ವರ್ಷ.

ಧಾರವಾಡಕ್ಕೆ ಅಂತರ ಕಾಲೇಜು ಪಂದ್ಯಗಳಿಗೆ ಹೋಗುವಾಗ ಅವರ ಹೆಂಡತಿಯೂ ನಮ್ಮ ಸಂಗಡ ಬರುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಅವರದೇ. ರಾತ್ರಿ ಹುಡುಗಿಯರ ಕೋಣೆಯಲ್ಲಿ ಬಾಗಿಲಿಗೆ ಅಡ್ಡ ಚಾಪೆ ಹಾಕಿಕೊಂಡು ಮಲಗುತ್ತಿದ್ದರು. ಆ ತಾಯಿ ಇದ್ದುದರಿಂದಲೇ ಎಷ್ಟೋ ಮನೆಗಳು ಹುಡುಗಿಯರನ್ನು ಕಳಿಸಿದವು. ಸರ್‌ಗೆ ಪ್ರವಾಸ ಭತ್ಯೆಯಾದರೂ ಸಿಗುತ್ತಿತ್ತು. ಆಕೆಯ ಬಸ್ ಚಾರ್ಜು ಕಾಲೇಜಿನ ಯಾವ ಖರ್ಚಿನ ಪುಸ್ತಕದಲ್ಲಿಯೂ ಇಲ್ಲ.

ನಮ್ಮ ತಂಡದ ಹನ್ನೆರಡು ಹುಡುಗಿಯರಲ್ಲಿ ಹನ್ನೊಂದು ಮಂದಿ ಪದವಿ ಮುಗಿಸಿದೆವು. ನಮ್ಮ ಸಂಗಡವೇ ಹೆಸರು ಹಚ್ಚಿದ ಉಳಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಎರಡನೆಯ ವರ್ಷ ಮುಗಿಯುವ ಮೊದಲೇ ಅಕ್ಕಿಕಾಳು ಹಾಕಿಸಿಕೊಂಡು ಹೋಗಿದ್ದರು. ಈಗ ಹೇಳಿ, ಆ ಮನುಷ್ಯನ ಕಾಲದಲ್ಲಿ ಬಂದದ್ದು ಎರಡೇ ಕಪ್ಪೆ?

ಗೆಲುವು ಸೋಲುಗಳೇ ಕೋಚ್‌ನ ಬೆಲೆಯನ್ನು ನಿರ್ಧರಿಸುವುದಾದರೆ, ಬಾಸ್ಕೆಟ್‌ಬಾಲನ್ನು ಹುಟ್ಟಿಸಿದವರಿಗೇ ಅಪಮಾನವಾದೀತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿ ಈ ಆಟ ಆರಂಭಿಸಿದರು. ರಿಂಗು ಇಂದಿಗೂ ಅದೇ ಹತ್ತು ಅಡಿಯಲ್ಲಿದೆ. ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಇದನ್ನು ಕಲಿಸತೊಡಗಿದರು. ನೈಸ್ಮಿತ್ 1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ಮೊದಲ ಕೋಚ್ ಆದರು. 1907ರವರೆಗೆ ಅವರ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾಲಯದ ದಾಖಲೆ ಪುಸ್ತಕದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಗಿರುವ ಕೋಚ್ ಅವರೊಬ್ಬರೇ! ಅವರ ಶಿಷ್ಯ ಫಾಗ್ ಆಲೆನ್ ಅಲ್ಲಿ 590 ಪಂದ್ಯ ಗೆಲ್ಲಿಸಿದರು. ಆ ಸಂಖ್ಯೆಯನ್ನು ಬಿಲ್ ಸೆಲ್ಫ್ ಎಂಬ ಕೋಚ್ ದಾಟಿದ್ದು 2024ರ ನವೆಂಬರಿನಲ್ಲಿ. ಇಷ್ಟಾದರೂ ಕಾನ್ಸಾಸಿನವರು ನೈಸ್ಮಿತ್‌ರನ್ನು ಪಟ್ಟಿಯಿಂದ ಹೊರಗೆ ಹಾಕಲಿಲ್ಲ. ಅವರ ಸೋಲನ್ನೂ ಮರೆಮಾಡಲಿಲ್ಲ. ಅಲ್ಲಿಯ ಕ್ರೀಡಾಂಗಣದ ಕಟ್ಟಡಕ್ಕೆ ಶಿಷ್ಯ ಆಲೆನ್ ಹೆಸರಿದೆ. ಆಡುವ ನೆಲಕ್ಕೆ ಗುರು ನೈಸ್ಮಿತ್ ಹೆಸರಿದೆ. ನಮ್ಮ ಸ್ಮರಣ ಸಂಚಿಕೆಯ ಸಮಿತಿ ಅಲ್ಲಿದ್ದಿದ್ದರೆ, ‘ಅರವತ್ತು ಸೋತಾವಗ ಎಂಥಾ ಪಾನು’ ಎಂದು ಅಲ್ಲಿಯೂ ಸಿಮೆಂಟಿನ ಜಾಹೀರಾತು ಹಾಕುತ್ತಿತ್ತೋ ಏನೋ.

ಅದೇ ದೇಶದ ಇನ್ನೊಬ್ಬ ಹೆಣ್ಣುಮಗಳ ಕಥೆ ಕೇಳಿ. ಪ್ಯಾಟ್ ಸಮಿಟ್ 1974ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ಹುಡುಗಿಯರ ತಂಡಕ್ಕೆ ಕೋಚ್ ಆದರು. ತಿಂಗಳಿಗೆ 250 ಡಾಲರ್ ಪಗಾರ. ಆಟಗಾರ್ತಿಯರ ಬಟ್ಟೆ ಒಗೆಯುವವರೂ ಅವರೇ, ವ್ಯಾನು ಓಡಿಸುವವರೂ ಅವರೇ. 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಗೆಲುವಿನ ಆ ದಾಖಲೆಯನ್ನು 2020ರಲ್ಲಿ ತಾರಾ ವ್ಯಾನ್‌ಡರ್‌ವೀರ್ ಮುರಿದರು, ಅವರದನ್ನು 2024ರಲ್ಲಿ ಜೀನೋ ಆರಿಯೆಮ್ಮಾ ಮುರಿದರು. ಅದು ದಾಖಲೆಗಳ ಧರ್ಮ. ಆದರೆ ಪ್ಯಾಟ್ ಸಮಿಟ್ ಹೆಸರಿನ ಮುಂದೆ ಇನ್ನೊಂದು ಲೆಕ್ಕ ಬರೆದಿದ್ದಾರೆ. ಅವರ ತಂಡದಲ್ಲಿ ತನ್ನ ಅವಧಿ ಪೂರ್ತಿ ಆಡಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಪಡೆದಳು. ನೂರಕ್ಕೆ ನೂರು. ಇದನ್ನು ಬೇರೆಯವರು ಸರಿಗಟ್ಟಬಹುದು, ಮುರಿಯಲು ಬಾರದು. ನಮ್ಮ ಸರ್‌ನ ಹನ್ನೆರಡಕ್ಕೆ ಹನ್ನೊಂದು ನನಗೆ ನೆನಪಾಗುವುದು ಇಲ್ಲಿಯೇ.

‘ಅದು ಅಮೆರಿಕ, ಅಲ್ಲಿ ಕಾಲೇಜಿನ ಆಟವೆಂದರೆ ಕೋಟಿಗಟ್ಟಲೆ ಡಾಲರಿನ ವ್ಯವಹಾರ. ನಮ್ಮಲ್ಲಿ ಚೆಂಡಿಗೆ ಗಾಳಿ ಹೊಡೆಸಲು ಸೈಕಲ್ ಅಂಗಡಿಗೆ ಓಡಬೇಕು’ ಎನ್ನಬಹುದು. ನಿಜ. ಆದರೆ ಬರೆದಿಡುವುದಕ್ಕೆ ಡಾಲರ್ ಬೇಕಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ನು ಸಾಕು.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಶಿರಸಿ ಕಡೆಯ ಕಾಶೀನಾಥ ನಾಯ್ಕರ ಪ್ರಸಂಗ ಸಾಕು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಜಾವೆಲಿನ್ ಎಸೆತದಲ್ಲಿ ಕಂಚು ಗೆದ್ದವರು ಅವರು. ಮುಂದೆ ರಾಷ್ಟ್ರೀಯ ಶಿಬಿರದಲ್ಲಿ ಕೋಚ್ ಆದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ, ನೀರಜ್‌ಗೆ ಹಿಂದೆ ತರಬೇತಿ ಕೊಟ್ಟವರೆಂದು ಕರ್ನಾಟಕ ಸರ್ಕಾರ ನಾಯ್ಕರಿಗೆ ಹತ್ತು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಆಗ ಅಥ್ಲೆಟಿಕ್ಸ್ ಫೆಡರೇಶನ್ನಿನ ಅಧ್ಯಕ್ಷರು, ಇವರು ಯಾರೆಂಬುದೇ ತಮಗೆ ಗೊತ್ತಿಲ್ಲ ಎಂದುಬಿಟ್ಟರು! ದೇಶಕ್ಕಾಗಿ ಪದಕ ಗೆದ್ದವರು, ದೇಶದ ಶಿಬಿರದಲ್ಲಿ ಕಲಿಸಿದವರು, ‘ನಾನೂ ಕಲಿಸಿದ್ದೇನೆ’ ಎಂದು ಪತ್ರಿಕೆಗಳ ಮುಂದೆ ಹೇಳಿಕೊಳ್ಳಬೇಕಾಯಿತು. ಒಬ್ಬ ಕ್ರೀಡಾಪಟುವನ್ನು ಒಬ್ಬರೇ ತಯಾರಿಸುವುದಿಲ್ಲ. ನೀರಜ್ ಹಿಂದೆ ಪಾಣಿಪತ್ತಿನಲ್ಲಿ ಮೊದಲು ಭರ್ಚಿ ಹಿಡಿಸಿದವರಿದ್ದಾರೆ, 2016ರಲ್ಲಿ ಕಿರಿಯರ ವಿಶ್ವದಾಖಲೆಯ ಕಾಲಕ್ಕೆ ಜೊತೆಗಿದ್ದ ಗ್ಯಾರಿ ಕ್ಯಾಲ್ವರ್ಟ್ ಇದ್ದಾರೆ, ಆಮೇಲೆ ಉವೆ ಹೋನ್ ಇದ್ದಾರೆ, ಟೋಕಿಯೋದಲ್ಲಿ ಜೊತೆಗಿದ್ದ ಕ್ಲಾಸ್ ಬಾರ್ಟೋನಿಟ್ಸ್ ಇದ್ದಾರೆ. ಯಾರು ಯಾವಾಗ, ಎಷ್ಟು ದಿನ ಕಲಿಸಿದರು ಎಂಬುದನ್ನು ಅಂದಂದೇ ಬರೆದು ಎಲ್ಲರ ಮುಂದೆ ಇಟ್ಟಿದ್ದರೆ ಈ ತಕರಾರು ಹುಟ್ಟುತ್ತಲೇ ಇರಲಿಲ್ಲ.

ದೇಶದ ಮಟ್ಟದಲ್ಲೇ ಹೀಗಾದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಪಿ.ಟಿ. ಮಾಸ್ತರರ ಪಾಡೇನು?

ನನಗೆ ಆಶ್ಚರ್ಯವೆನಿಸುವುದು ಇನ್ನೊಂದು ಮಾತಿಗೆ. ಗುರುವಿನ ಹೆಸರು ಹೇಳುವ ರೂಢಿ ನಮ್ಮ ಸೀಮೆಗೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಯಾವ ಗಾಯಕರನ್ನಾದರೂ ಕೇಳಿ, ತಮ್ಮ ಹೆಸರಿಗಿಂತ ಮೊದಲು ಪಂಚಾಕ್ಷರಿ ಗವಾಯಿಗಳ ಅಥವಾ ಪುಟ್ಟರಾಜ ಗವಾಯಿಗಳ ಹೆಸರು ಹೇಳುತ್ತಾರೆ. ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದದ್ದು 1944ರಲ್ಲಿ. ಬಸವರಾಜ ರಾಜಗುರು ಅವರ ಶಿಷ್ಯರೆಂಬುದು ಇಂದಿಗೂ ಮಕ್ಕಳಿಗೂ ಗೊತ್ತು. ಗದಗ ಸೀಮೆಯಲ್ಲಿ ಹುಟ್ಟಿ ಭಾರತರತ್ನರಾದ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವಕ್ಕೆ ಇಟ್ಟದ್ದು ತಮ್ಮ ಹೆಸರಲ್ಲ, ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಅವರಲ್ಲೇ ಕಲಿತದ್ದನ್ನು ಯಾರೂ ಮರೆತಿಲ್ಲ.

ಸಂಗೀತದಲ್ಲಿರುವ ಈ ರೀತಿ ಆಟದಲ್ಲಿ ಏಕಿಲ್ಲ? ಗದುಗಿನ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ 6 ಮೇಡನ್, 6 ರನ್ನಿಗೆ 5 ವಿಕೆಟ್ ಪಡೆದದ್ದು ನಮ್ಮ ಮನೆಗಳ ಹುಡುಗರಿಗೆ ಬಾಯಿಪಾಠ. ಹುಡುಗನಾಗಿದ್ದಾಗ ನಸುಕಿನಲ್ಲಿ ಗದುಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಬಂದು ಶಾಲೆಗೆ ಹೋಗುತ್ತಿದ್ದರೆಂಬ ಕಥೆಯೂ ಗೊತ್ತು. ಆದರೆ ಸ್ಕೋರ್‌ಕಾರ್ಡಿನಲ್ಲಿ ಕಲಿಸಿದವರಿಗೆ ಒಂದು ಅಂಕಣವೇ ಇಲ್ಲ. ರನ್ನಿಗಿದೆ, ವಿಕೆಟ್ಟಿಗಿದೆ, ಅಂಪೈರಿಗೂ ಇದೆ.

ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತದಲ್ಲ ಎನ್ನುತ್ತೀರಿ. 1985ರಿಂದ ಕೊಡುತ್ತಿದೆ. ಪಿ.ಟಿ. ಉಷಾ ಅವರ ಕೋಚ್ ನಂಬಿಯಾರ್ ಮೊದಲ ವರ್ಷವೇ ಪಡೆದರು. ನಮ್ಮ ರಾಜ್ಯದ ಎನ್. ಲಿಂಗಪ್ಪನವರಿಗೆ 2014ರಲ್ಲಿ, ವಿ.ಆರ್. ಬೀಡು ಅವರಿಗೆ 2018ರಲ್ಲಿ ಬಂತು. ಸಂತೋಷವೇ. ಕ್ರಿಕೆಟ್ ಕಲಿಸಿದ ಹೆಣ್ಣುಮಗಳೊಬ್ಬರಿಗೆ, ಸುನೀತಾ ಶರ್ಮಾ ಅವರಿಗೆ, ಅದು ಬರಲು 2005 ಆಗಬೇಕಾಯಿತು. ಆದರೆ ಪ್ರಶಸ್ತಿ ಬರುವುದು ಶಿಖರ ಏರಿಸಿದವರಿಗೆ. ಮೊದಲ ಮೆಟ್ಟಿಲು ಹತ್ತಿಸಿದವರಿಗೆ ಬರುವುದಿಲ್ಲ. ಮೆಟ್ಟಿಲು ಹತ್ತಿಸಿದವರು ನಮ್ಮ ನಮ್ಮ ಕಾಲೇಜಿನಲ್ಲೇ ಇರುತ್ತಾರೆ. ಅವರನ್ನು ದೆಹಲಿ ಗುರುತಿಸಲಾರದು, ನಾವೇ ಗುರುತಿಸಬೇಕು.

ಇನ್ನು ದ್ರೋಣನ ಹೆಸರಿನ ಬಗ್ಗೆಯೂ ಒಂದು ಮಾತು. ಕುಮಾರವ್ಯಾಸ ಭಾರತ ಬರೆದನೆನ್ನುವ ವೀರನಾರಾಯಣನ ಗುಡಿ ಇರುವ ಗದುಗಿನವರಿಗೆ ದ್ರೋಣನ ಕಥೆ ಹೊಸದಾಗಿ ಹೇಳಬೇಕಿಲ್ಲ. ತಾನು ಕಲಿಸದ ಏಕಲವ್ಯನ ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೇಳಿದವನು ಆತ. ಕಲಿಸಿದವರನ್ನು ಮರೆಯುವುದು ಎಷ್ಟು ತಪ್ಪೋ, ಗುರುವೆಂಬ ಹೆಸರಿನಲ್ಲಿ ಕಿತ್ತುಕೊಳ್ಳುವವರನ್ನು ಪೂಜಿಸುವುದೂ ಅಷ್ಟೇ ತಪ್ಪು. 2023ರ ಜನವರಿಯಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಯ ಹೆಣ್ಣುಮಕ್ಕಳು, ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದು ನೆನಪಿದೆಯೆ? ಕುಸ್ತಿ ಫೆಡರೇಶನ್ನಿನ ಆಗಿನ ಅಧ್ಯಕ್ಷರ ಮೇಲೆ ಅವರು ಹೊರಿಸಿದ್ದು ಲೈಂಗಿಕ ಕಿರುಕುಳದ ಆರೋಪ. ಗದಗ ಜಿಲ್ಲೆಯ ಹುಡುಗಿಯರೂ ಇಂದು ಕುಸ್ತಿಯ ಅಖಾಡಕ್ಕೆ ಇಳಿಯುತ್ತಾರೆ. ಅವರ ತಾಯಂದಿರ ಎದೆ ಆ ದಿನ ಧಸಕ್ಕೆಂದಿರಬೇಕು.

ನಾನು ಕೇಳುತ್ತಿರುವುದು ಹೊಗಳಿಕೆಯ ಪುಟವಲ್ಲ, ಲೆಕ್ಕದ ಪುಟ ಎಂಬುದು ಇದಕ್ಕೇ. ಯಾರು ಕಲಿಸಿದರು, ಎಷ್ಟು ಹುಡುಗಿಯರು ಬಂದರು, ಎಷ್ಟು ಮಂದಿ ನಡುವೆಯೇ ಬಿಟ್ಟರು, ಏಕೆ ಬಿಟ್ಟರು, ಪರ ಊರಿಗೆ ಹೋದಾಗ ಜೊತೆಗೆ ಯಾವ ಹೆಂಗಸು ಇದ್ದಳು, ಎಷ್ಟು ಮಂದಿ ಪದವಿ ಮುಗಿಸಿದರು. ಇಷ್ಟನ್ನು ಬರೆದಿಟ್ಟರೆ ಒಳ್ಳೆಯವರ ಕೆಲಸ ಉಳಿಯುತ್ತದೆ. ಕೆಟ್ಟವರೂ ಕಪ್‌ಗಳ ಹಿಂದೆ ಅಡಗಲಾರರು. ಹತ್ತು ಕಪ್ ತಂದವನ ತಂಡದಿಂದ ಹುಡುಗಿಯರು ವರ್ಷ ವರ್ಷ ಬಿಟ್ಟು ಹೋಗುತ್ತಿದ್ದರೆ ಆ ಕಪ್‌ಗಳನ್ನು ಏನು ಮಾಡುವುದು?

‘ಪಗಾರ ತಗೊಂಡಾರ, ಕೆಲಸ ಮಾಡ್ಯಾರ, ಅದರಾಗೇನು ದೊಡ್ಡದು’ ಎನ್ನುವವರಿಗೆ ನನ್ನ ಉತ್ತರ ಸಣ್ಣದು. ಪ್ರಾಚಾರ್ಯರೂ ಪಗಾರ ತೆಗೆದುಕೊಂಡಿದ್ದಾರೆ. ಅವರ ಹೆಸರು ಹಲಗೆಯ ಮೇಲಿದೆ. ಇರಲಿ, ಇರಬೇಕು. ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಲು ಗೋಡೆಯಲ್ಲಿ ಜಾಗವಿದೆ.

ಇದನ್ನು ಆಡಳಿತ ಮಂಡಳಿಗಳು ತಾವಾಗಿ ಮಾಡುತ್ತವೆಂದು ನಾನು ಕಾಯ್ದು ಕೂತಿಲ್ಲ. ಮಾಡಬೇಕಾದವರು ನಾವು. ಗದಗ-ಬೆಟಗೇರಿಯಲ್ಲಿ, ಮುಂಡರಗಿಯಲ್ಲಿ, ಲಕ್ಷ್ಮೇಶ್ವರದಲ್ಲಿ ಇಂದು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ದವಾಖಾನೆಯಲ್ಲಿ, ಮನೆಯಲ್ಲಿ ದುಡಿಯುತ್ತಿರುವ ಎಷ್ಟೋ ಹೆಣ್ಣುಮಕ್ಕಳು ಒಂದು ಕಾಲಕ್ಕೆ ಖೋ ಖೋ, ಥ್ರೋಬಾಲ್, ಕಬಡ್ಡಿ, ಬಾಸ್ಕೆಟ್‌ಬಾಲ್ ಆಡಿದವರು. ಟ್ರಂಕಿನ ತಳದಲ್ಲಿ ಸರ್ಟಿಫಿಕೇಟು ಇನ್ನೂ ಇರಬೇಕು. ಅದನ್ನು ಹೊರಗೆ ತೆಗೆಯಿರಿ. ನಿಮಗೆ ಕಲಿಸಿದವರ ಹೆಸರು, ಇಸವಿ, ತಂಡದಲ್ಲಿದ್ದ ಗೆಳತಿಯರ ಹೆಸರು, ಯಾರು ಓದು ಮುಗಿಸಿದರು ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ನಿಮಗೆ ಬುತ್ತಿ ಕಟ್ಟಿ ಬಾಗಿಲಿಗೆ ಅಡ್ಡ ಮಲಗಿದ ಅಮ್ಮನ ಹೆಸರನ್ನೂ ಬರೆಯಿರಿ. ನಾಲ್ಕು ಮಂದಿ ಸಹಿ ಮಾಡಿ ಕಾಲೇಜಿನ ಆಫೀಸಿಗೆ ಒಯ್ದು ಕೊಡಿ, ಆವಕ ನಂಬರು ಹಾಕಿಸಿಕೊಂಡು ಬನ್ನಿ. ಆವಕ ನಂಬರು ಬಿದ್ದ ಕಾಗದವನ್ನು ಯಾವ ಸಮಿತಿಯೂ ನಕ್ಕು ಹಾರಿಸಲು ಬರುವುದಿಲ್ಲ.